ಎಲ್ಲದಕ್ಕೂ ಸಾಹೇಬರನ್ನೇ ಕೇಳಬೇಕಾ?

ಹುಬ್ಬಳ್ಳಿಯ ಗೋಕುಲ ರೋಡ್ ಇರಲಿ, ತಾರಿಹಾಳ ಇರಲಿ, ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶ ಇರಲಿ, ಯಾವ ಕಾರ್ಖಾನೆಗೆ ಹೋದರೂ ಪ್ರೊಡಕ್ಷನ್ ಮ್ಯಾನೇಜರ್ ಯಾರು ಅಂತ ಕೇಳಿ ತಿಳಿಯಬೇಕಾಗಿಲ್ಲ. ಒಳಗೆ ಎಲ್ಲರಿಗಿಂತ ಜೋರಾಗಿ ನಡೆಯುತ್ತಿರುವವನೇ ಅವನು. ಕಿವಿಗೆ ಫೋನು, ಕೈಯಲ್ಲಿ ಡ್ರಾಯಿಂಗು, ಹಿಂದೆ ಇಬ್ಬರೋ ಮೂವರೋ ಹುಡುಗರು. ಟೇಬಲ್ ಮೇಲಿನ ಚಾ ಯಾವಾಗಲೋ ಆರಿ ಕೆನೆ ಕಟ್ಟಿರುತ್ತದೆ. ತಿಂಗಳ 25ನೇ ತಾರೀಕು ದಾಟಿದರಂತೂ ಮುಗಿಯಿತು. ಡಿಸ್ಪ್ಯಾಚ್ ಆಗಬೇಕು, ಬಿಲ್ ಆಗಬೇಕು, ಲಾರಿ ಬಂದು ಗೇಟ್ ಹತ್ತಿರ ನಿಂತಿದೆ. ಆಗ ಅವನ ಜೊತೆ ಮಾತಾಡಬೇಕು ಅಂದರೆ ನಾವೂ ಜೊತೆಗೆ ಓಡಬೇಕು.

ನಾನು ಮೊದಲು ಕಾರ್ಖಾನೆಯೊಂದರ ಎಚ್‌ಆರ್ ವಿಭಾಗದಲ್ಲಿದ್ದೆ. ಈಗ ಇಂಥ ಮ್ಯಾನೇಜರ್‌ಗಳ ಜೊತೆ ಕೂತು ಮಾತಾಡುವುದೇ ನನ್ನ ಕೆಲಸ. ಮಾಲೀಕರು ಕರೆಯುತ್ತಾರೆ, "ನಮ್ ಮ್ಯಾನೇಜರ್‌ಗೆ ಒಂದ್ ಸ್ವಲ್ಪ ಲೀಡರ್‌ಶಿಪ್ ಕಲಿಸ್ರಿ ಮೇಡಂ" ಅನ್ನುತ್ತಾರೆ. ನಾನು ಹೋಗುತ್ತೇನೆ. ಮೊದಲ ದಿನ ಏನೂ ಕಲಿಸುವುದಿಲ್ಲ, ಸುಮ್ನೆ ಅವನ ಹಿಂದೆ ತಿರುಗುತ್ತೇನೆ. ಅವನ ಹತ್ತಿರ ಯಾರು ಬರುತ್ತಾರೆ, ಏನು ಕೇಳುತ್ತಾರೆ ಅಂತ ಬರೆದುಕೊಳ್ಳುತ್ತೇನೆ. ಹೀಗೆ ಬರೆದುಕೊಂಡಾಗೆಲ್ಲ ಒಂದು ವಿಷಯ ನನ್ನನ್ನು ಬಹಳ ಕಾಡುತ್ತದೆ. ಬರುವ ಪ್ರಶ್ನೆಗಳಲ್ಲಿ ಹೆಚ್ಚಿನವಕ್ಕೆ ಕೇಳುವವನಿಗೇ ಉತ್ತರ ಗೊತ್ತಿರುತ್ತದೆ.

"ಸರ, ಪೇಂಟ್ ಮುಗದೈತ್ರಿ, ಏನ್ ಮಾಡ್ಲಿ?" ಸ್ಟೋರಿನಿಂದ ತರಬೇಕು, ಇನ್ನೇನು? "ಸರ, ಈ ಜಾಬ್ ಮೊದ್ಲ ತಗೊಳ್ಳೋದೋ, ಆ ಜಾಬ್ ಮೊದ್ಲ ತಗೊಳ್ಳೋದೋ?" ಯಾವುದರ ಲಾರಿ ಮೊದಲು ಬರುತ್ತದೋ ಅದು. ಹುಡುಗರು ದಡ್ಡರೇ? ಖಂಡಿತ ಅಲ್ಲ. ಅವರೇ ಮನೆ ಕಟ್ಟಿಸುತ್ತಾರೆ, ತಂಗಿ ಮದುವೆ ಮಾಡುತ್ತಾರೆ, ಊರ ಜಾತ್ರೆಯ ಲೆಕ್ಕ ನೋಡಿಕೊಳ್ಳುತ್ತಾರೆ. ಗೇಟಿನ ಒಳಗೆ ಬಂದ ಮೇಲೆ ಮಾತ್ರ ಎಲ್ಲದಕ್ಕೂ ಸಾಹೇಬರನ್ನು ಕೇಳುತ್ತಾರೆ. ಯಾಕೆ ಅಂದರೆ ನಾಳೆ ಏನಾದರೂ ಎಡವಟ್ಟಾದರೆ "ಸಾಹೇಬ್ರ ಹೇಳಿದ್ರು" ಅನ್ನಬಹುದಲ್ಲ. ಬೈಗುಳ ತಪ್ಪಿಸಿಕೊಳ್ಳಲು ಅವರು ಮಾಡಿಟ್ಟುಕೊಂಡ ದಾರಿ ಅದು.

ಇತ್ತ ಮ್ಯಾನೇಜರ್ ಏನು ಮಾಡುತ್ತಾನೆ? "ಆತು, ನಾ ನೋಡ್ತೇನಿ ತಡಿ" ಅನ್ನುತ್ತಾನೆ. 1974ರಲ್ಲಿ ಹಾರ್ವರ್ಡ್ ಬಿಸಿನೆಸ್ ರಿವ್ಯೂನಲ್ಲಿ ವಿಲಿಯಂ ಆಂಕನ್ ಮತ್ತು ಡೊನಾಲ್ಡ್ ವಾಸ್ ಇದೇ ಮಾತಿನ ಮೇಲೆ ಒಂದು ಲೇಖನ ಬರೆದಿದ್ದರು. ಕೈಕೆಳಗಿನವನು ಬೆನ್ನ ಮೇಲೊಂದು ಮಂಗ ಹೊತ್ತುಕೊಂಡು ಬರುತ್ತಾನೆ, ಮೇಲಿನವನು "ನೋಡ್ತೀನಿ" ಅಂದ ತಕ್ಷಣ ಅದು ಇವನ ಬೆನ್ನಿಗೆ ಹಾರುತ್ತದೆ ಅನ್ನುವುದು ಅವರ ಮಾತು. ಅಲ್ಲಿಂದ ಮುಂದೆ ಲೆಕ್ಕವೇ ತಿರುವುಮುರುವು. ಕೆಲಸ ಕೊಡಬೇಕಾದವನು ಓಡಾಡುತ್ತಾನೆ, ಮಾಡಬೇಕಾದವನು ಕೈಕಟ್ಟಿ ನಿಂತು "ಸರ, ನಂದು ಏನಾತ್ರಿ?" ಅಂತ ಕೇಳುತ್ತಾನೆ. ಅರ್ಧ ಶತಮಾನ ಕಳೆದಿದೆ. ನಮ್ಮ ಶಾಪ್ ಫ್ಲೋರಿನಲ್ಲಿ ಆ ಲೇಖನ ಇವತ್ತಿಗೂ ಹಳೆಯದಾಗಿಲ್ಲ.

ಒಳ್ಳೆ ಫಿಟ್ಟರ್ ಮ್ಯಾನೇಜರ್ ಆದಾಗ

ಹುಬ್ಬಳ್ಳಿಯಲ್ಲಿ ವಾಲ್ವ್ ತಯಾರಿಸುವ ಕಾರ್ಖಾನೆಗಳು ಜಾಸ್ತಿ. ಇಲ್ಲಿಯ ವಾಲ್ವ್‌ಗಳು ರಿಫೈನರಿಗೆ, ಪವರ್ ಪ್ಲಾಂಟಿಗೆ ಹೋಗುತ್ತವೆ. ಈ ಕಾರ್ಖಾನೆಗಳಲ್ಲಿ ಮ್ಯಾನೇಜರ್ ಆದವರ ಕಥೆ ಬಹುಪಾಲು ಒಂದೇ. ಐಟಿಐ ಇಲ್ಲವೇ ಡಿಪ್ಲೊಮಾ ಮುಗಿಸಿ ಟ್ರೇನಿ ಆಗಿ ಸೇರಿದ್ದು. ಕೈ ಚೆನ್ನಾಗಿತ್ತು. ಯಾರಿಂದಲೂ ಆಗದ ಲೀಕ್ ಇವನಿಂದ ನಿಲ್ಲುತ್ತಿತ್ತು. ಮಾಲೀಕರ ಕಣ್ಣಿಗೆ ಬಿದ್ದ. ಸೂಪರ್‌ವೈಸರ್ ಆದ, ಶಾಪ್ ಇನ್‌ಚಾರ್ಜ್ ಆದ, ಒಂದು ದಿನ ವಿಸಿಟಿಂಗ್ ಕಾರ್ಡಿನ ಮೇಲೆ ಮ್ಯಾನೇಜರ್ ಅಂತ ಅಚ್ಚಾಯಿತು.

ಆ ದಿನ ಅವನು ಕಳೆದುಕೊಂಡದ್ದರ ಬಗ್ಗೆ ಯಾರೂ ಮಾತಾಡುವುದಿಲ್ಲ. ಮೊದಲನೆಯದು ಓಟಿ. 1948ರ ಕಾರ್ಖಾನೆ ಕಾಯ್ದೆಯ ಕಾಲದಿಂದಲೂ ಕಾರ್ಮಿಕನಿಗೆ ವಾರಕ್ಕೆ 48 ತಾಸು ಅಂತ ಮಿತಿ ಇದೆ, ಅದರ ಮೇಲೆ ದುಡಿದರೆ ಡಬಲ್ ಕೂಲಿ. ಮೇಲ್ವಿಚಾರಕನ ಖುರ್ಚಿಗೆ ಹೋದ ಮೇಲೆ ಆ ಲೆಕ್ಕ ಸಾಮಾನ್ಯವಾಗಿ ನಿಂತುಹೋಗುತ್ತದೆ. ರಾತ್ರಿ ಹತ್ತಕ್ಕೆ ಮನೆಗೆ ಹೋದರೂ ಅಷ್ಟೇ ಸಂಬಳ. "ಸೀಜನ್ನಿನ್ಯಾಗ ನನ್ನ ಕೈ ಕೆಳಗಿನ ಸೀನಿಯರ್ ಫಿಟ್ಟರ್ ನನಗಿಂತ ಜಾಸ್ತಿ ಒಯ್ತಾನ್ರಿ" ಅಂತ ಒಬ್ಬರು ನಕ್ಕು ಹೇಳಿದ್ದರು. ಆ ನಗೆಯಲ್ಲಿ ನಗು ಏನೂ ಇರಲಿಲ್ಲ.

ಎರಡನೆಯದು ಕೈ. ಕೈಕೆಲಸ ಬಲ್ಲವನಿಗೆ ದಿನದ ಕೊನೆಗೆ "ಇದು ನಾ ಮಾಡಿದ್ದು" ಅಂತ ತೋರಿಸಲು ಒಂದು ವಸ್ತು ಇರುತ್ತದೆ. ಮ್ಯಾನೇಜರ್ ಆದ ಮೇಲೆ ಏನಿದೆ ತೋರಿಸಲು? ನಾಲ್ಕು ಮೀಟಿಂಗು, ಒಂದು ಎಕ್ಸೆಲ್ ಶೀಟು. ಹಾಗಾಗಿ ಎಲ್ಲೋ ಸ್ಪ್ಯಾನರ್ ಕಂಡರೆ ಕೈ ತುರಿಸುತ್ತದೆ. ಹುಡುಗ ಒದ್ದಾಡುತ್ತಿದ್ದರೆ "ಸರಿ ಅತ್ತಾಗ" ಅಂದು ತಾನೇ ಬಗ್ಗುತ್ತಾನೆ. ಹತ್ತು ನಿಮಿಷದಲ್ಲಿ ಸರಿ ಮಾಡುತ್ತಾನೆ. ಸುತ್ತ ನಿಂತವರು ಭಲೇ ಅನ್ನುತ್ತಾರೆ. ಆ ಹತ್ತು ನಿಮಿಷವೇ ಅವನಿಗೆ ಇಡೀ ದಿನದ ಖುಷಿ. ನಾನು ಹೋಗಿ ಅದನ್ನು ಬಿಡಿ ಅಂದರೆ ಬಿಡುತ್ತಾನಾ? ಡೆಲಿಗೇಷನ್, ಅಂದರೆ ಕೆಲಸ ಕೆಳಗಿನವರಿಗೆ ಒಪ್ಪಿಸುವುದರ ಬಗ್ಗೆ ಪಾಠ ಮಾಡುವವರು ಈ ಖುಷಿಯ ಮಾತನ್ನೇ ಎತ್ತುವುದಿಲ್ಲ. ಪಾಠ ತಲೆಗೆ ಹತ್ತದಿರುವುದಕ್ಕೆ ಅದೂ ಒಂದು ಕಾರಣ ಅಂತ ನನ್ನ ಅಂದಾಜು.

ಟೆಸ್ಟಿಂಗ್ ಬೆಂಚಿನ ಹತ್ತಿರ

ಒಂದು ಸಂಜೆಯ ಪ್ರಸಂಗ ಹೇಳುತ್ತೇನೆ. ಬಾಲ್ ವಾಲ್ವ್‌ನ ಆರ್ಡರ್. ಮರುದಿನ ಗಿರಾಕಿ ಕಡೆಯ ಥರ್ಡ್ ಪಾರ್ಟಿ ಇನ್‌ಸ್ಪೆಕ್ಟರ್ ಬರುವವರಿದ್ದರು. ವಾಲ್ವ್ ಹೊರಗೆ ಹೋಗುವ ಮೊದಲು ಅದಕ್ಕೆ ನೀರು ತುಂಬಿ, ಅದು ತಡೆಯಬೇಕಾದ ಒತ್ತಡದ ಒಂದೂವರೆ ಪಟ್ಟು ಕೊಟ್ಟು ಬಾಡಿ ಸೋರುತ್ತದಾ ನೋಡುತ್ತಾರೆ. ಆಮೇಲೆ ವಾಲ್ವ್ ಮುಚ್ಚಿ ಸೀಟು, ಅಂದರೆ ಒಳಗಿನ ಬಾಲ್ ಒತ್ತಿ ಕೂರುವ ಬಳೆ, ಸೋರುತ್ತದಾ ನೋಡುತ್ತಾರೆ. ಕೊನೆಗೆ ಕಡಿಮೆ ಒತ್ತಡದ ಗಾಳಿ ಬಿಟ್ಟು ಗುಳ್ಳೆ ಏಳುತ್ತದಾ ನೋಡುತ್ತಾರೆ. ನೀರಿಗೆ ಸಿಗದ ಸೋರಿಕೆ ಗಾಳಿಗೆ ಸಿಗುತ್ತದೆ.

ಟೆಸ್ಟಿಂಗ್ ಹುಡುಗ ಬಂದು ನಿಂತ. "ಸರ, ಸೀಟ್ ಲೀಕ್ ಬರಾಕತ್ತೈತ್ರಿ."

ಮ್ಯಾನೇಜರ್ ಆಗಲೇ ಅಂಗಿಯ ತೋಳು ಮಡಚುತ್ತಿದ್ದರು. ಬೆಳಿಗ್ಗೆ ನಾವಿಬ್ಬರೂ ಒಂದು ಮಾತು ಮಾಡಿಕೊಂಡಿದ್ದೆವು. ಇವತ್ತು ಯಾರೇ ಏನೇ ತಂದರೂ ಮೊದಲು ಕೇಳಬೇಕು, ಆಮೇಲೆ ಮುಟ್ಟಬೇಕು. ಅವರು ನನ್ನ ಕಡೆ ನೋಡಿದರು. ಒಂದು ನಿಟ್ಟುಸಿರು ಬಿಟ್ಟು ಕೈ ಹಿಂದಕ್ಕೆ ಕಟ್ಟಿಕೊಂಡರು.

"ಎಷ್ಟ ವಾಲ್ವಿಗೆ ಬಂತು?"

"ನಾಕಕ್ಕರಿ."

"ಒಂದ ಕಡೆ ಸೀಟಿಗೊ, ಎರಡೂ ಕಡೆಗೊ?"

ಹುಡುಗ ಸುಮ್ಮನಾದ. ಅವನು ನೋಡಿರಲಿಲ್ಲ. "ನೋಡಿ ಹೇಳ" ಅಂದರು. ವಾಲ್ವ್ ತಿರುಗಿಸಿ ಹಾಕಿ ಮತ್ತೆ ಗಾಳಿ ಬಿಟ್ಟ. ನಾಲ್ಕರಲ್ಲೂ ಒಂದೇ ಕಡೆ ಗುಳ್ಳೆ.

"ಹಂಗಾದ್ರ ನಿನಗೇನ ಅನಸ್ತೈತಿ?"

ಈಗ ಹುಡುಗನಿಗೆ ನಿಜವಾಗಿ ಹೆದರಿಕೆ ಆಯಿತು. ಅವನು ಮ್ಯಾನೇಜರ್ ಮುಖ ನೋಡಿದ, ನನ್ನ ಮುಖ ನೋಡಿದ, ಬೆಂಚ್ ನೋಡಿದ. ಹಿಂದೆ ಕಂಪ್ರೆಸರ್ ಗರಗರ ಅನ್ನುತ್ತಿತ್ತು. ಮ್ಯಾನೇಜರ್ ಅವರಿಗೆ ಆ ಮೌನ ತಡೆಯುವುದು ಎಷ್ಟು ಕಷ್ಟ ಆಗುತ್ತಿತ್ತು ಅಂದರೆ, ಹೆಬ್ಬೆರಳಿನಿಂದ ಉಂಗುರ ತಿರುಗಿಸುತ್ತಾ ನಿಂತಿದ್ದರು. ಕೊನೆಗೆ ಹುಡುಗ, "ಬಿಚ್ಚಿ ನೋಡ್ಲೇನ್ರಿ?" ಅಂದ.

ಬಿಚ್ಚಿದ. ಬಿಳಿ ಟೆಫ್ಲಾನ್ ಸೀಟಿನ ಮೇಲೆ ಕೂದಲೆಳೆಯಂಥ ಗೀರು. ಬೆರಳ ತುದಿಯಿಂದ ಒರೆಸಿದಾಗ ಬೆಳಕಿಗೆ ಮಿಂಚಿದ ಒಂದು ಸಣ್ಣ ಉಕ್ಕಿನ ಚೂರು. "ಚಿಪ್ ಐತ್ರಿ ಸರ." ಆಮೇಲೆ ಅವನೇ ಮುಂದುವರಿಸಿದ. ಆ ಕಡೆ ಟ್ಯಾಪಿಂಗ್ ಮಾಡಿದ, ಅಂದರೆ ಒಳಗೆ ಥ್ರೆಡ್ ಕೊರೆದ ತೂತುಗಳಿವೆ, ಚಿಪ್ ಅಲ್ಲಿ ಕೂರುತ್ತದೆ. ವಾಷಿಂಗ್ ಹತ್ತಿರ ಗಾಳಿ ಊದಿ ಚೂರು ತೆಗೆಯುವ ಏರ್ ಗನ್ ಕೆಟ್ಟಿದೆ, ಹುಡುಗರು ಬಟ್ಟೆಯಿಂದ ಒರೆಸಿ ಕಳಿಸುತ್ತಿದ್ದಾರೆ. ತೂತಿನೊಳಗೆ ಬಟ್ಟೆ ಹೋಗುತ್ತದಾ?

"ಗನ್ ಕೆಟ್ಟಿದ್ದು ನನಗ ಯಾರೂ ಹೇಳಿಲ್ಲಲ್ಲೋ?"

"ನೀವು ಕೇಳಿಲ್ರಿ."

ಹುಡುಗ ಸೊಕ್ಕಿನಿಂದ ಹೇಳಿದ್ದಲ್ಲ. ಇದ್ದದ್ದನ್ನು ಹೇಳಿದ. ಮ್ಯಾನೇಜರ್ ತಾವೇ ಬಗ್ಗಿದ್ದರೆ ನಾಲ್ಕೂ ವಾಲ್ವಿನ ಸೀಟು ಬದಲಿಸಿ ರಾತ್ರಿ ಊಟದ ಹೊತ್ತಿಗೆ ಮುಗಿಸುತ್ತಿದ್ದರು. ಏರ್ ಗನ್ ಹಾಗೇ ಕೆಟ್ಟು ಬಿದ್ದಿರುತ್ತಿತ್ತು. ಮುಂದಿನ ಲಾಟಿನಲ್ಲಿ ಮತ್ತೆ ಲೀಕ್, ಮತ್ತೆ ಇವರೇ. ಅಂದಹಾಗೆ, ಆ ಸಂಜೆ ಅವರು ಏನೂ ಬೇಗ ಮನೆಗೆ ಹೋಗಲಿಲ್ಲ. ಇನ್ನೂ ತಡವಾಯಿತು. ಹೀಗೆ ಉತ್ತರ ಹೇಳದೆ ಪ್ರಶ್ನೆ ಕೇಳಿ ಕಲಿಸುವ ಕೋಚಿಂಗ್ ಮಾಡಿದರೆ ಮೊದಲ ದಿನದಿಂದ ಟೈಮ್ ಉಳಿಯುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಮೊದಮೊದಲು ಟೈಮ್ ಜಾಸ್ತಿಯೇ ಹಿಡಿಯುತ್ತದೆ. ಆ ಹೆಚ್ಚಿನ ಹೊತ್ತನ್ನು ಯಾರು ಕೊಡಬೇಕು ಅನ್ನುವುದೇ ಕಷ್ಟದ ಪ್ರಶ್ನೆ. ಅದಕ್ಕೆ ಆಮೇಲೆ ಬರುತ್ತೇನೆ.

ಕೇಳಿದರೆ ಹೆದರುತ್ತಾರೆ

ಆ ಹುಡುಗ ಯಾಕೆ ಹೆದರಿದ ಅನ್ನುವುದು ನನಗೆ ಮುಖ್ಯ. ನಮ್ಮಲ್ಲಿ ಮೇಲಿನವರು ಪ್ರಶ್ನೆ ಕೇಳುವುದು ಎರಡೇ ಸಂದರ್ಭದಲ್ಲಿ. ಒಂದು ಪರೀಕ್ಷೆ, ಇನ್ನೊಂದು ಪಂಚಾಯ್ತಿ. ಶಾಲೆಯಲ್ಲಿ ಮಾಸ್ತರು ಎಬ್ಬಿಸಿ ನಿಲ್ಲಿಸಿ ಕೇಳಿದಾಗ ಉತ್ತರ ಬರದಿದ್ದರೆ ಏನಾಗುತ್ತಿತ್ತು ಅಂತ ಎಲ್ಲರ ಅಂಗೈಗೂ ನೆನಪಿದೆ. ಹಾಗಿರುವಾಗ ಸಾಹೇಬರು ಏಕಾಏಕಿ "ನಿನಗೇನ ಅನಸ್ತೈತಿ?" ಅಂದರೆ ಎದೆ ಧಸಕ್ ಅನ್ನದೆ ಇರುತ್ತದಾ?

ನಮ್ಮ ಸೀಮೆಯ ಕಲಿಕೆಯ ದಾರಿಯೂ ಬೇರೆ. ಗಂಗೂಬಾಯಿ ಹಾನಗಲ್ ಅವರು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಸವಾಯಿ ಗಂಧರ್ವರ ಹತ್ತಿರ ಕಲಿತರು. ಗದಗದ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಣ್ಣು ಕಾಣದ ಎಷ್ಟೋ ಮಕ್ಕಳು ಕೇಳಿ ಕೇಳಿಯೇ ದೊಡ್ಡ ಸಂಗೀತಗಾರರಾದರು. ಅಲ್ಲಿ ಗುರು ಹಾಡಿ ತೋರಿಸಬೇಕು, ಶಿಷ್ಯ ತಿದ್ದಿಕೊಳ್ಳಬೇಕು. ವರ್ಷಗಟ್ಟಲೆ ಹೊತ್ತು ಇರುವ ಕಡೆ ಆ ದಾರಿ ಬಹಳ ಚಂದ. ಅದನ್ನು ಹಳೆಯದು ಅಂತ ಮೂಗು ಮುರಿಯುವವಳಲ್ಲ ನಾನು. ಕಾರ್ಖಾನೆಯಲ್ಲೂ ಹೊಸ ಟ್ರೇನಿಗೆ ಲೇಥ್ ಮುಂದೆ ನಿಲ್ಲಿಸಿ "ನಿನಗೇನ ಅನಸ್ತೈತಿ?" ಅಂತ ಕೇಳುವುದು ಶುದ್ಧ ಅಧಿಕಪ್ರಸಂಗ. ಅವನಿಗೆ ತೋರಿಸಬೇಕು, ಹೇಳಿಕೊಡಬೇಕು. ಕ್ರೇನಿನಲ್ಲಿ ಭಾರ ತೂಗುತ್ತಿರುವಾಗ ಕೆಳಗೆ ಯಾರೋ ನಿಂತಿದ್ದರೆ ಪ್ರಶ್ನೆ ಕೇಳುವುದಿಲ್ಲ, ಕೂಗುತ್ತೇವೆ.

ಕೇಳುವ ದಾರಿ ಬೇಕಾಗುವುದು ಕೆಲಸ ಬಲ್ಲ ಮನುಷ್ಯನಿಗೆ, ಬಲ್ಲೆ ಅನ್ನುವ ಧೈರ್ಯ ಇಲ್ಲದವನಿಗೆ. ಇದನ್ನು ಚೆನ್ನಾಗಿ ಕಂಡುಕೊಂಡವರಲ್ಲಿ ಅಮೆರಿಕದ ಟೆನಿಸ್ ಕೋಚ್ ಟಿಮೊಥಿ ಗಾಲ್ವೆ ಒಬ್ಬರು. ತಾನು ಕಡಿಮೆ ಹೇಳಿದಷ್ಟೂ ಆಟಗಾರ ಬೇಗ ಕಲಿಯುತ್ತಾನೆ ಅಂತ ಅವರಿಗೆ ಟೆನಿಸ್ ಅಂಕಣದಲ್ಲೇ ಗೊತ್ತಾಯಿತು. ರ‍್ಯಾಕೆಟ್ ಹೀಗೆ ಹಿಡಿ, ಹಾಗೆ ಹಿಡಿ ಅನ್ನುವ ಬದಲು ಚೆಂಡು ಎಲ್ಲಿ ಪುಟಿಯುತ್ತದೆ ನೋಡು ಅಂದರು. ಆಮೇಲೆ ಜಾನ್ ವಿಟ್ಮೋರ್ ಅನ್ನುವ ಬ್ರಿಟಿಷ್ ಕಾರ್ ರೇಸರ್ ಆ ವಿಚಾರವನ್ನು ಕಂಪನಿಗಳ ಒಳಗೆ ತಂದರು. ಏನಾಗಬೇಕು, ಈಗ ಏನಾಗಿದೆ, ಯಾವ ಯಾವ ದಾರಿ ಇದೆ, ಏನು ಮಾಡುತ್ತೀಯ ಅಂತ ಕೇಳುವ ಅವರ ಕ್ರಮವನ್ನು ಎಷ್ಟೋ ಟ್ರೇನಿಂಗ್‌ಗಳಲ್ಲಿ ಹೇಳಿಕೊಡುತ್ತಾರೆ. ಬೆಂಚಿನ ಹತ್ತಿರ ನಡೆದದ್ದೂ ಹೆಚ್ಚುಕಡಿಮೆ ಇದೇ, ಹೆಸರಷ್ಟೇ ಇರಲಿಲ್ಲ.

ಆದರೆ ಟ್ರೇನಿಂಗ್‌ನಿಂದ ಬಂದ ಕೆಲವರು ಮಾಡುವ ಅವಾಂತರವನ್ನೂ ಹೇಳಬೇಕು. ಎರಡು ದಿನ ಎಸಿ ಹಾಲಿನಲ್ಲಿ ಕೂತು ಬಂದ ಮೇಲೆ ಎಲ್ಲದಕ್ಕೂ "ನೀನ ವಿಚಾರ ಮಾಡಿ ಹೇಳ" ಅನ್ನಲು ಶುರು ಮಾಡುತ್ತಾರೆ. ಮಟೀರಿಯಲ್ ಬಂದಿಲ್ಲ ಅಂದರೂ ನೀನೇ ವಿಚಾರ ಮಾಡು, ಮಷೀನು ನಿಂತಿದೆ ಅಂದರೂ ನೀನೇ ವಿಚಾರ ಮಾಡು. ಅಧಿಕಾರ ಕೊಟ್ಟಿಲ್ಲ, ದುಡ್ಡು ಕೊಟ್ಟಿಲ್ಲ, ಬರೀ ಪ್ರಶ್ನೆ ಕೊಟ್ಟರೆ ಅದು ಜಾರಿಕೊಳ್ಳುವುದು. ಹುಡುಗರು ತಕ್ಷಣ ಕಂಡುಹಿಡಿಯುತ್ತಾರೆ. "ಸಾಹೇಬ್ರು ಕೈ ತೊಳಕೊಂಡ್ರು" ಅಂತ ಕ್ಯಾಂಟೀನಿನಲ್ಲಿ ಮಾತಾಡುತ್ತಾರೆ. ಇನ್ನು ಕೆಲವರು ಉತ್ತರ ಮೊದಲೇ ಜೇಬಿನಲ್ಲಿಟ್ಟುಕೊಂಡು ಕೇಳುತ್ತಾರೆ. ಎದುರಿನವನು ಆ ಉತ್ತರಕ್ಕೆ ಬರುವ ತನಕ "ಇನ್ನೂ? ಇನ್ನೂ?" ಅನ್ನುತ್ತಾರೆ. ಅದಕ್ಕಿಂತ ನೇರವಾಗಿ ಹೇಳಿಬಿಡುವುದು ಮರ್ಯಾದೆ.

ಮೇಲಿನವರು ಏನು ಕೇಳುತ್ತಾರೆ

ಈಗ ಹಾವೇರಿ ಕಡೆಗೆ ಬರೋಣ. ಕಾರ್ಖಾನೆ ಬಿಟ್ಟು ಬ್ಯಾಂಕು. ಊರು, ಬ್ಯಾಂಕು ಯಾವುದು ಅನ್ನುವುದು ಬೇಡ. ಜುಲೈ ತಿಂಗಳು. ಮುಂಗಾರಿನ ಬೆಳೆ ವಿಮೆ ಕಟ್ಟುವ ಕೊನೆಯ ದಿನಗಳು. ಫಸಲ್ ಬಿಮಾ ಯೋಜನೆಯಲ್ಲಿ ಮುಂಗಾರಿನ ಆಹಾರ ಬೆಳೆಗೆ ರೈತ ಕಟ್ಟಬೇಕಾದದ್ದು ವಿಮಾ ಮೊತ್ತದ ನೂರಕ್ಕೆ 2ರಷ್ಟು, ಉಳಿದದ್ದು ಸರ್ಕಾರಗಳದ್ದು. ಮೊತ್ತ ಸಣ್ಣದು, ಕಾಗದ ದೊಡ್ಡದು. ರೈತರ ನೋಂದಣಿ ಸಂಖ್ಯೆಯಾದ ಫ್ರೂಟ್ಸ್ ಐಡಿ ಹೊಂದಬೇಕು, ಪಹಣಿಯ ಹೆಸರು ಆಧಾರ್ ಹೆಸರಿಗೆ ಹೊಂದಬೇಕು, ಬಿತ್ತಿದ್ದು ಗೋವಿನಜೋಳ ಅಂದರೆ ಅರ್ಜಿಯಲ್ಲೂ ಗೋವಿನಜೋಳವೇ ಇರಬೇಕು. ಬೆಳೆ ವಿಮೆಯ ಸಂರಕ್ಷಣೆ ಪೋರ್ಟಲ್ ಮಧ್ಯಾಹ್ನ ನಿಧಾನ ಆಯಿತು ಅಂದರೆ ಸಾಲು ಬಾಗಿಲು ದಾಟಿ ರಸ್ತೆಗೆ ಬರುತ್ತದೆ.

ಮ್ಯಾನೇಜರ್ ಒಬ್ಬ ಹೆಣ್ಣುಮಗಳು, ಚುರುಕು. ಬೆಳಿಗ್ಗೆ ಬ್ಯಾಂಕಿನ ಬಾಗಿಲು ತೆಗೆಯುವ ಮೊದಲೇ ಅವರಿಗೆ ವಿಡಿಯೊ ಕಾಲ್. ನಾನು ಪಕ್ಕದಲ್ಲಿ ಕೂತಿದ್ದೆ. ಮೇಲಿನ ಕಚೇರಿಯವರು ಒಂದೊಂದೇ ಶಾಖೆಯ ಹೆಸರು ಕರೆದು ಕೇಳುತ್ತಿದ್ದರು: ವಿಮೆ ಎಷ್ಟಾಯ್ತು? ರಿನೀವಲ್ ಎಷ್ಟಾಯ್ತು? ಡಿಪಾಸಿಟ್ ಎಷ್ಟು ಬಂತು? ಯಾಕೆ ಕಡಿಮೆ? ಸಂಜೆ ಒಳಗೆ ಮುಗಿಸಿ. ಮುಂದಿನ ಶಾಖೆ. ಕಾಲ್ ಮುಗಿಯಿತು. ಮೇಡಂ ಎದ್ದು ಕೌಂಟರ್ ಹತ್ತಿರ ಹೋಗಿ ಹೊಸದಾಗಿ ಬಂದ ಆಫೀಸರ್ ಹುಡುಗನನ್ನು ಕೇಳಿದರು: "ಎಷ್ಟಾತು? ಯಾಕ ಕಡಿಮಿ?" ಅದೇ ಎರಡು ಪ್ರಶ್ನೆ, ಅದೇ ದನಿ. ಅವರಿಗೇ ಅದರ ಅರಿವು ಇರಲಿಲ್ಲ.

ನನಗೆ ಅನ್ನಿಸಿದ್ದು ಅಲ್ಲೇ. ನಾನು ಈ ಮೇಡಂಗೆ ಎಷ್ಟೇ ಒಳ್ಳೆಯ ಪ್ರಶ್ನೆಗಳನ್ನು ಕಲಿಸಿದರೂ, ನಾಳೆ ಬೆಳಿಗ್ಗೆ ಮತ್ತೆ ಅದೇ ವಿಡಿಯೊ ಕಾಲ್ ಬರುತ್ತದೆ. ಮನುಷ್ಯರು ತಮ್ಮನ್ನು ಹೇಗೆ ಕೇಳುತ್ತಾರೋ ಹಾಗೇ ಕೆಳಗಿನವರನ್ನು ಕೇಳುತ್ತಾರೆ. ಮಧ್ಯದಲ್ಲಿರುವವನನ್ನು ಹಿಡಿದು ಕೋಚಿಂಗ್ ಕಲಿ ಅಂದು, ಮೇಲಿನಿಂದ ಎಷ್ಟಾತು ಎಷ್ಟಾತು ಅಂತ ಜಗ್ಗುತ್ತಿದ್ದರೆ ಅವನು ಹರಿದುಹೋಗುತ್ತಾನೆ.

ಊಟದ ಹೊತ್ತಿಗೆ ಮೇಡಂ ಅವರನ್ನು ಕೇಳಿದೆ, "ನಿಮಗೇನು ಕಷ್ಟ ಆಗ್ತಿದೆ ಅಂತ ಯಾರಾದರೂ ಕೇಳ್ತಾರಾ?" ಅವರು ಡಬ್ಬಿ ಬಿಚ್ಚುತ್ತಾ ನಕ್ಕರು. "ನಮ್ಮ ಮನೆಯವ್ರು ಕೇಳ್ತಾರ್ರಿ, ಊಟ ಆತೇನು ಅಂತ." ಅಷ್ಟರಲ್ಲಿ ಬಾಗಿಲ ಹತ್ತಿರ ಒಬ್ಬ ಅಜ್ಜ ಬಂದು, "ಅವ್ವಾರ, ನಂದು ಹೆಸರು ಇಮೆದಾಗ ಬಂತೇನ್ರಿ?" ಅಂದ. ಅವರು ಡಬ್ಬಿ ಮುಚ್ಚಿಟ್ಟು ಎದ್ದರು.

ಹೀಗಾಗಿ ಈಗ ನಾನು ಕೆಲಸ ಶುರು ಮಾಡುವುದು ಮೇಲಿನಿಂದ. ಮಾಲೀಕರಿಗೆ ಮೊದಲೇ ಹೇಳುತ್ತೇನೆ, ವಾರಕ್ಕೆ ಅರ್ಧ ತಾಸು ನಿಮ್ಮ ಮ್ಯಾನೇಜರ್ ಜೊತೆ ಕೂರಬೇಕು, ಆ ಅರ್ಧ ತಾಸಿನಲ್ಲಿ ಡಿಸ್ಪ್ಯಾಚ್ ಮಾತು ಎತ್ತಬಾರದು ಅಂತ. ಒಪ್ಪುವುದು ಸುಲಭ ಅಲ್ಲ. ಗೂಗಲ್ ಕಂಪನಿ 2008ರಲ್ಲಿ ತನ್ನ ಮ್ಯಾನೇಜರ್‌ಗಳನ್ನೇ ಅಧ್ಯಯನ ಮಾಡಿಸಿತ್ತು, ಒಳ್ಳೆಯ ಮ್ಯಾನೇಜರ್‌ನ ಗುಣಗಳಲ್ಲಿ ಮೊದಲಿಗೆ ಬಂದದ್ದು ಒಳ್ಳೆಯ ಕೋಚ್ ಆಗಿರುವುದು ಅಂತ ಒಬ್ಬ ಮಾಲೀಕರಿಗೆ ಹೇಳಿದ್ದೆ. "ಅದು ಗೂಗಲ್ಲರಿ ಮೇಡಂ, ನಮ್ದು ಕಬ್ಬಣ" ಅಂದರು. ಕಬ್ಬಿಣವಾದರೇನು, ಮ್ಯಾನೇಜರ್ ಮನುಷ್ಯನೇ ತಾನೇ?

ಆ ಅರ್ಧ ತಾಸಿನಲ್ಲಿ ಏನು ಕೇಳಬೇಕು ಅಂತ ಅವರೇ ಕೇಳುತ್ತಾರೆ. ನಾನು ಜಾಸ್ತಿ ಹೇಳುವುದಿಲ್ಲ. ಈ ವಾರ ನೀನು ಮಾಡಿದ್ದರಲ್ಲಿ ಬೇರೆ ಯಾರಾದರೂ ಮಾಡಬಹುದಾಗಿದ್ದು ಯಾವುದು? ಅದನ್ನು ಕಲಿಯಲು ಯಾರು ಹತ್ತಿರ ಇದ್ದಾರೆ? ನನ್ನಿಂದ ಏನಾಗಬೇಕು? ಕೊನೆಯ ಪ್ರಶ್ನೆ ಕೇಳಿ ಸುಮ್ಮನೆ ಕೂರುವುದು ಮಾಲೀಕರಿಗೆ ಬಹಳ ಕಷ್ಟ, ಯಾಕೆಂದರೆ ಉತ್ತರಕ್ಕೆ ಖರ್ಚಿದೆ. ಏರ್ ಗನ್ ಕೊಡಿಸ್ರಿ ಅನ್ನುತ್ತಾನೆ. ಭಾನುವಾರ ಫೋನ್ ಮಾಡಬೇಡ್ರಿ ಅನ್ನುತ್ತಾನೆ. ಹುಡುಗ ತಗೊಂಡ ನಿರ್ಧಾರವನ್ನು ಎಲ್ಲರ ಮುಂದೆ ತಿರುಗಿಸಬೇಡ್ರಿ ಅನ್ನುತ್ತಾನೆ. ನನ್ನ ಲೆಕ್ಕದಲ್ಲಿ ಇದು ಎಲ್ಲಕ್ಕಿಂತ ದೊಡ್ಡದು. ಟೆಸ್ಟಿಂಗ್ ಹುಡುಗ ಒಮ್ಮೆ ಧೈರ್ಯ ಮಾಡಿ ವಾಲ್ವ್ ತಡೆದು ನಿಲ್ಲಿಸಿದಾಗ, ಮಾಲೀಕರು ಬಂದು "ಏ, ಕಳಿಸ್ರಿ ಅದನ್ನ" ಅಂದರೆ, ಮ್ಯಾನೇಜರ್ ಅಷ್ಟು ದಿನ ಮಾಡಿದ್ದೆಲ್ಲ ಒಂದೇ ಮಾತಿಗೆ ನೀರಾಗುತ್ತದೆ. ಮರುದಿನದಿಂದ ಮತ್ತೆ "ಸರ, ಏನ್ ಮಾಡ್ಲಿ?"

ಜನ ಕಡಿಮೆ ಇದ್ದರೆ

ಇಷ್ಟೆಲ್ಲ ಹೇಳಿದ ಮೇಲೂ ಒಂದು ತಕರಾರು ಉಳಿಯುತ್ತದೆ. ಅದು ನನ್ನದೇ ಕೆಲಸದ ಮೇಲೆ ನನ್ನ ತಕರಾರು. ಕೆಲವು ಕಡೆ ಮ್ಯಾನೇಜರ್ ಓಡುತ್ತಿರುವುದು ಕೋಚಿಂಗ್ ಗೊತ್ತಿಲ್ಲದೆ ಅಲ್ಲ, ಜನ ಇಲ್ಲದೆ. ಸ್ಟೋರ್ ಕೀಪರ್ ಬಿಟ್ಟು ಹೋಗಿದ್ದಾನೆ, ಬದಲಿಗೆ ಯಾರನ್ನೂ ತೆಗೆದುಕೊಂಡಿಲ್ಲ. ಆ ಕೆಲಸ ಮ್ಯಾನೇಜರ್ ತಲೆಗೆ. ಗುಣಮಟ್ಟದ ಇಂಜಿನಿಯರ್ ಬೆಂಗಳೂರಿಗೆ ಹೋದ, ಆ ಕೆಲಸವೂ ಇವನಿಗೆ. ಬ್ಯಾಂಕಿನಲ್ಲಿ ಕ್ಲರ್ಕ್ ವರ್ಗಾವಣೆ ಆದ, ಖುರ್ಚಿ ಖಾಲಿ. ಮೂರು ಜನರ ಕೆಲಸ ಒಬ್ಬನ ತಲೆಗೆ ಕಟ್ಟಿ, ಅವನು ಸೋತಾಗ ಅವನಿಗೆ ಲೀಡರ್‌ಶಿಪ್ ಕಡಿಮೆ ಅನ್ನುವುದು ನ್ಯಾಯವಲ್ಲ. ಟ್ರೇನಿಂಗ್ ಒಂದು ಸಲದ ಖರ್ಚು, ಸಂಬಳ ತಿಂಗಳು ತಿಂಗಳು ಬರುವ ಖರ್ಚು. ನನ್ನನ್ನು ಕರೆಯುವುದು ಅಗ್ಗ ಅಂತ ಕೆಲವರು ಕರೆಯುತ್ತಾರೆ, ನನಗೆ ಗೊತ್ತು.

ಅದಕ್ಕೇ ಮೊದಲ ದಿನ ಬರೆದುಕೊಂಡ ಪಟ್ಟಿಯನ್ನು ಎರಡು ಭಾಗ ಮಾಡಿ ಮಾಲೀಕರ ಮುಂದೆ ಇಡುತ್ತೇನೆ. ಒಂದು ಕಡೆ ಹುಡುಗರಿಗೇ ಉತ್ತರ ಗೊತ್ತಿದ್ದ ಪ್ರಶ್ನೆಗಳು. ಇದು ನಾನು, ನಿಮ್ಮ ಮ್ಯಾನೇಜರ್, ನೀವು ಸೇರಿ ಕಡಿಮೆ ಮಾಡಬಹುದು. ಇನ್ನೊಂದು ಕಡೆ ಮಾಡಲು ಮನುಷ್ಯರೇ ಇಲ್ಲದ ಕೆಲಸಗಳು. ಇದಕ್ಕೆ ನನ್ನ ಹತ್ತಿರ ಮದ್ದಿಲ್ಲ, ನಿಮ್ಮ ಹತ್ತಿರ ಇದೆ.

ಆ ವಾಲ್ವ್ ಕಾರ್ಖಾನೆಯವರು ಈಗ ಮತ್ತೆ ಫೋನ್ ಮಾಡಿದ್ದಾರೆ. ಮ್ಯಾನೇಜರ್ ಬದಲಾಗಿದ್ದಾರಂತೆ, ಇನ್ನು ಸೂಪರ್‌ವೈಸರ್‌ಗಳಿಗೂ ಅದನ್ನೇ ಮಾಡಬೇಕಂತೆ. ಸಂತೋಷ, ಬರುತ್ತೇನೆ ಅಂದೆ. ಆದರೆ ಡಿಸ್ಪ್ಯಾಚಿನ ಕಾಗದಪತ್ರ ನೋಡಿಕೊಳ್ಳಲು ಒಬ್ಬ ಕ್ಲರ್ಕ್ ತಗೊಳ್ಳಿ, ಆಮೇಲೆ ಶುರು ಮಾಡೋಣ ಅಂತಲೂ ಅಂದೆ. "ನೋಡೂಣ್ರಿ ಮೇಡಂ, ದಸರಾ ಆಗ್ಲಿ" ಅಂದಿದ್ದಾರೆ.